ಯುಎಕ್ಸ್ ಮೀಟಪ್ ಮಾಡ್ತೀರಾ? ಪ್ರೊಜೆಕ್ಟರ್ ಮನೆಯಲ್ಲೇ ಬಿಡಿ

ಬೆಳಗಾವಿಯಲ್ಲಿ ಯುಎಕ್ಸ್ (ಆ್ಯಪ್, ವೆಬ್‌ಸೈಟ್ ಬಳಸೋರಿಗೆ ಸುಲಭ ಆಗೋ ಹಾಗೆ ರೂಪಿಸೋ ಕೆಲಸ) ಡಿಸೈನರ್‌ಗಳು, ರಿಸರ್ಚರ್‌ಗಳು ಸೇರೋಣ ಅಂತ ಇಲ್ಲಿ ಕೆಲವರು ಕೇಳಿದ್ದೀರಿ. ಸೇರಿ, ಆದರೆ ಭಾಷಣ ಬೇಡ.

ನಮ್ಮ ಮೊದಲ ಮೀಟಪ್ ಹಾಗೇ ಕೆಟ್ಟಿತು. ಟಿಳಕವಾಡಿಯ ಒಂದು ರೂಮಿನಲ್ಲಿ ಎರಡು ತಾಸು ಬರೀ ಸ್ಲೈಡ್. ಕುಂದಾ ಖಾಲಿಯಾಗುತ್ತಲೇ ಅರ್ಧ ಜನ ಜಾಗ ಖಾಲಿ ಮಾಡಿದರು. ತಪ್ಪು ಅವರದಲ್ಲ ಬಿಡಿ.

ಎರಡನೇ ಸಲ ನಮ್ಮಲ್ಲೊಬ್ಬರ ಆ್ಯಪ್ ತಗೊಂಡು, ಅದನ್ನು ಎಂದೂ ನೋಡದ ಐದು ಜನರನ್ನು ಕರೆದು, ಬಳಸೋಕೆ ಕೊಟ್ಟು, ಎಲ್ಲಿ ತಡವರಿಸ್ತಾರೆ ಅಂತ ನೋಡಿದೆವು. ಐದೇ ಯಾಕೆ ಅಂದ್ರೆ, ಅಷ್ಟು ಜನರಲ್ಲೇ ಹೆಚ್ಚಿನ ತೊಡಕು ಗೊತ್ತಾಗುತ್ತದೆ ಅಂತ ಯೂಸಬಿಲಿಟಿ (ಬಳಸೋಕೆ ಎಷ್ಟು ಸುಲಭ ಅನ್ನೋದು) ತಜ್ಞ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದಾರೆ. ಅವನ್ನು ತಿದ್ದಿ, ಆಮೇಲೆ ಬೇರೆ ಐದು ಜನರಿಗೆ ತೋರಿಸಬೇಕು.

ಬಂದವರಲ್ಲಿ ಒಬ್ಬರು ಕಿರಾಣಿ ಅಂಗಡಿ ಕಾಕಾ. 'ಮುಂದುವರಿಸಿ' ಬಟನ್ ಹತ್ತಿರ ಬೆರಳು ಒಯ್ದು ಅಲ್ಲೇ ನಿಲ್ಲಿಸಿದರು. "ಇದನ್ನ ಒತ್ತಿದ್ರ ರೊಕ್ಕ ಹೋಗ್ತೈತೇನ್ರಿ?" ಡಿಸೈನರ್ ಹುಡುಗ ಉತ್ತರ ಹೇಳೋಕೆ ಬಾಯಿ ತೆರೆದ. ನಾವು ಮೊಣಕೈಯಿಂದ ತಿವಿದೆವು! "ನಿಮಗೇನ್ ಅನಿಸ್ತದ ಕಾಕಾ?" ಅಂತ ತಿರುಗಿ ಕೇಳಿ ಸುಮ್ನೆ ಕೂರಬೇಕು. ಕಷ್ಟದ ಕೆಲಸ ಇದೊಂದೇ.

ಐದು ಜನರಲ್ಲಿ ಮನೆಯಲ್ಲಿ ಮರಾಠಿ ಮಾತಾಡುವವರೂ ಇರಲಿ, ನಮ್ಮೂರು ಇರೋದೇ ಹಾಗೆ ಅಲ್ವಾ. ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಕೇಳಿ. ನಿಮ್ಮದೇ ಫೋನ್ ಕೊಡಿ, ಅವರ ಓಟಿಪಿ, ಮೆಸೇಜು ನಮಗ್ಯಾಕೆ?

ದಿನ ಹುಡುಕ್ತಿದ್ದರೆ ನವೆಂಬರ್ ಎರಡನೇ ಗುರುವಾರ ವಿಶ್ವ ಯೂಸಬಿಲಿಟಿ ದಿನ. ಅಂಗಡಿಯವರು ಬರಬೇಕಂದ್ರೆ ಮಾತ್ರ ಸಂಜೆ ಇಡಬೇಡಿ, ಅವರಿಗೆ ವ್ಯಾಪಾರದ ಹೊತ್ತು. ಊಟ ಆದ ಮೇಲೆ ಕರೀರಿ.