ಮೇಷ್ಟ್ರುಗಳ ಲೇಖನ ರೆಪಾಸಿಟರಿಗೆ ಬಂದದ್ದು ಹೀಗೆ: ನನ್ನ ಅನುಭವ

ಕಾಲೇಜಿನ ಲೇಖನಗಳನ್ನು ಆನ್‌ಲೈನಿನಲ್ಲಿ ಕೂಡಿಡುವ ಭಂಡಾರವೇ ರೆಪಾಸಿಟರಿ. ಅದಕ್ಕೆ ಬೇಕಾದ ಡಿಸ್ಪೇಸ್ ಎಂಬ ಉಚಿತ ತಂತ್ರಾಂಶ ಹಾಕುವುದು ಕಷ್ಟವಲ್ಲ, ಅದನ್ನು ತುಂಬಿಸುವುದೇ ಕಷ್ಟ. "ಮೇಷ್ಟ್ರುಗಳು ಲೇಖನ ಕೊಡಲ್ಲ, ಸುಮ್ನೆ ಯಾಕೆ ಒದ್ದಾಡ್ತೀರಿ" ಎಂದು ಅಕ್ಕಪಕ್ಕದ ಕಾಲೇಜುಗಳ ಲೈಬ್ರರಿಯನ್‌ಗಳೇ ಹೇಳಿದ್ದರು. ಈಗ ನಮ್ಮ ಕಾಲೇಜಿನ ರೆಪಾಸಿಟರಿಯಲ್ಲಿ 700ರ ಹತ್ತಿರ ಲೇಖನಗಳಿವೆ. ಅರ್ಧಕ್ಕಿಂತ ಜಾಸ್ತಿ ಪೂರ್ತಿ ಪಿಡಿಎಫ್ ಇರುವಂಥವು.

ಮೊದಲು ಕಾರ್ಯಾಗಾರ ಮಾಡಿದೆವು. ಊಟ, ಬ್ಯಾನರ್, ಅತಿಥಿಗಳ ಗೌರವಧನ ಸೇರಿ 18 ಸಾವಿರ ಖರ್ಚಾಯಿತು. ಸರ್ಟಿಫಿಕೇಟ್ ಎಲ್ಲರೂ ಒಯ್ದರು, ಲೇಖನ ಒಂದೂ ಬರಲಿಲ್ಲ. ಆಮೇಲೆ ಲಾಗಿನ್ ಕೊಟ್ಟು ನೀವೇ ಹಾಕಿ ಎಂದೆವು. ಫಾರ್ಮ್ ಅರ್ಧ ತುಂಬಿ ಬಿಟ್ಟುಬಿಟ್ಟರು. ಒಂದು ಕಂಪನಿ ಎಲ್ಲ ಮಾಡಿಕೊಡುತ್ತೇವೆಂದು ಒಂದೂವರೆ ಲಕ್ಷದ ಕೊಟೇಶನ್ ಕೊಟ್ಟಿತ್ತು. ಅದನ್ನು ವಾಪಸ್ ಕಳಿಸಿ, ಲ್ಯಾಬಿನ ಹಳೆ ಕಂಪ್ಯೂಟರಿಗೆ ನಾಲ್ಕೈದು ಸಾವಿರದ ರ‍್ಯಾಮ್ ಹಾಕಿಸಿದೆ. ಇವತ್ತಿಗೂ ಅದರಲ್ಲೇ ನಡೆಯುತ್ತಿದೆ.

ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿದಾಗ ವಿಷಯ ತಿಳಿಯಿತು. ಪಿಎಚ್‌ಡಿ ಪ್ರಬಂಧಗಳ ರಾಷ್ಟ್ರೀಯ ಆನ್‌ಲೈನ್ ಭಂಡಾರ ಶೋಧಗಂಗಾ ಎಲ್ಲರಿಗೂ ಗೊತ್ತು. ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿ ಘೋಷಣೆಗೆ ಮುಂಚೆಯೇ ಪ್ರಬಂಧದ ಪ್ರತಿ ಅದನ್ನು ನಡೆಸುವ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕಲ್ವಾ? ಆದರೆ ಲೇಖನಕ್ಕೂ ಅಂಥ ಜಾಗ ತಮ್ಮ ಕಾಲೇಜಿನಲ್ಲೇ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಭಯ. ಪ್ರಕಾಶಕರು ಕೇಸ್ ಹಾಕಿದರೆ? ಮುಂದಿನ ಲೇಖನ ಕೃತಿಚೌರ್ಯ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ?

ಆಗ ನಾನು ಹಿಡಿದದ್ದು ಸಿಎಎಸ್, ಅಂದರೆ ಮೇಷ್ಟ್ರುಗಳ ಬಡ್ತಿ ಯೋಜನೆಯ ಫೈಲು. ಬಡ್ತಿಗೆ ಅರ್ಜಿ ಹಾಕುವವರು ಹೇಗೂ ತಮ್ಮ ಪ್ರಕಟಣೆಗಳನ್ನೆಲ್ಲ ಜೋಡಿಸಲೇಬೇಕು. "ಸಾರ್, ನಿಮ್ಮ ಪಟ್ಟಿ ಕೊಡಿ, ಲಿಂಕ್ ಸಮೇತ ಜೋಡಿಸಿ ಪ್ರಿಂಟ್ ಕೊಡ್ತೀನಿ" ಎಂದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೂ ಅದೇ ಪಟ್ಟಿ ಆಗುತ್ತದೆ. ಯಾವ ಪತ್ರಿಕೆ ಯಾವ ಪ್ರತಿ ಹಾಕಲು ಬಿಡುತ್ತದೆ ಎಂದು ತಿಳಿಸುವ ಶೆರ್ಪಾ ರೋಮಿಯೋ ಜಾಲತಾಣದಲ್ಲಿ (ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್) ಪ್ರತಿ ಪತ್ರಿಕೆಯ ನಿಯಮವನ್ನು ನಾನೇ ನೋಡಿದೆ. ಪ್ರಕಾಶಕರ ಪಿಡಿಎಫ್ ಹಾಕಬಾರದು ಎಂದಿದ್ದರೆ ಲೇಖಕರ ಅಂತಿಮ ಪ್ರತಿ, ಅಂದರೆ ಪತ್ರಿಕೆ ಒಪ್ಪಿದ, ಇನ್ನೂ ಅಚ್ಚಿನ ರೂಪಕ್ಕೆ ಬರದ ಫೈಲು ಬೇಕು. "ಅದೆಲ್ಲಿದೆಯೋ" ಎನ್ನುತ್ತಾರೆ. ಲೇಖನ ಕಳಿಸಲು ಪತ್ರಿಕೆಯ ಜಾಲತಾಣದಲ್ಲಿ ಅವರು ತೆರೆದ ಖಾತೆಯನ್ನು ಅವರಿಂದಲೇ ತೆರೆಸಿ ನೋಡಿ, ಕೊನೆಯ ಸಲ ತಿದ್ದಿ ಕಳಿಸಿದ ಫೈಲು ಎಷ್ಟೋ ಸಲ ಅಲ್ಲೇ ಕೂತಿರುತ್ತದೆ. ಹೊರಗಿನ ಸಹಲೇಖಕರನ್ನು ಒಪ್ಪಿಸಲು ನಾನು ಬರೆಯುವ ಮೇಲ್ ಒಕ್ಕಣೆ ಮಾತ್ರ ಇಲ್ಲಿ ಕೊಡುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಮೊದಲು ಬಂದವರು ಕೆಮಿಸ್ಟ್ರಿ ಮೇಡಂ. ಅವರ ಲೇಖನ ಬೇರೆ ರಾಜ್ಯದವರು ಓದಿ ಮೇಲ್ ಬರೆದರು. ಅದನ್ನು ಅವರೇ ಸ್ಟಾಫ್ ರೂಮಿನಲ್ಲಿ ಹೇಳಿದರು. 18 ಸಾವಿರದ ಕಾರ್ಯಾಗಾರ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಮುಂದಿನ ತಿಂಗಳಲ್ಲೇ 40–50 ಲೇಖನ ಬಂದವು.

ಈ ನಡುವೆ ಕನ್ನಡ ವಿಭಾಗದ ಕಡೆ ಕೈಹಾಕಿದೆ. ಅಭಿನಂದನ ಗ್ರಂಥ, ಸ್ಮರಣ ಸಂಚಿಕೆಗಳಲ್ಲಿ ಎಷ್ಟೊಂದು ಒಳ್ಳೆಯ ಬರಹಗಳಿವೆ! ಅವು ಯಾವ ಡೇಟಾಬೇಸಿನಲ್ಲೂ ಸಿಗಲ್ಲ. ಶೆರ್ಪಾದಲ್ಲಿ ಹುಡುಕಿ ಪ್ರಯೋಜನವಿಲ್ಲ, ಸಂಪಾದಕರಿಗೆ ಫೋನ್ ಮಾಡಿ ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಬೇಕು. ಹಳೆಯ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನವು. ಹಾಗೇ ಏರಿಸಿದರೆ ಹುಡುಕಿದಾಗ ಒಂದು ಪದವೂ ಸಿಗುವುದಿಲ್ಲ. ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಿ. ಸ್ಕ್ಯಾನ್ ಪುಟಗಳಿಗೆ, ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯ ಮಾಡುವ ಟೆಸರಾಕ್ಟ್ ತಂತ್ರಾಂಶ ಓಡಿಸಿದೆ, ಅಚ್ಚು ಚೆನ್ನಾಗಿದ್ದರೆ ಪರವಾಗಿಲ್ಲ. ಒತ್ತಕ್ಷರ ಮಾತ್ರ ಕೂತು ತಿದ್ದಬೇಕು, ಪುಟಕ್ಕೆ ಹತ್ತು ನಿಮಿಷವಾದರೂ ಹಿಡಿಯುತ್ತದೆ.