ನಿಮ್ಮ ಆನ್‌ಲೈನ್ ಆಟಕ್ಕೆ ಬೆಲೆ ಎಷ್ಟಿಡಬೇಕು, ಯಾವಾಗ ಬಿಡುಗಡೆ ಮಾಡಬೇಕು?

ಕಲಬುರಗಿಯ ಸೇಡಂ ರಸ್ತೆಯ ಒಂದು ರೂಮಿನಲ್ಲಿ ಮೂವರು ಗೆಳೆಯರು ಲಗೋರಿ ಆಟವನ್ನು ಕಂಪ್ಯೂಟರ್‌ಗೆ ತಂದಿದ್ದಾರೆ ಅಂತ ಇಟ್ಟುಕೊಳ್ಳಿ. ಆ ಕಡೆ ನಾಲ್ವರು, ಈ ಕಡೆ ನಾಲ್ವರು, ಎಲ್ಲರೂ ಆನ್‌ಲೈನ್. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಮಾರಬೇಕು. ಮೊದಲ ಜಗಳ ಬೆಲೆಯದ್ದೇ. ಒಬ್ಬ 99 ರೂಪಾಯಿ ಅಂತಾನೆ, ಇನ್ನೊಬ್ಬ 499. ಮೂರನೆಯವನು ‘ಫ್ರೀ ಬಿಟ್ಟುಬಿಡೋಣ್ರೋ’ ಅಂತಾನೆ.

ಈ ಜಗಳಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥ ಆಗಬೇಕು. ರಾತ್ರಿ ಒಂಬತ್ತಕ್ಕೆ ಆಟ ತೆರೆದವನಿಗೆ ಎದುರಾಳಿ ಸಿಗುತ್ತಾನಾ?

ಮೊದಲು ಜನರ ಲೆಕ್ಕ

500 ಪ್ರತಿ ಮಾರಿದಿರಿ ಅನ್ನಿ. ಅದರಲ್ಲಿ ಇಪ್ಪತ್ತಕ್ಕೆ ಒಬ್ಬರು ಒಂದೇ ಹೊತ್ತಿಗೆ ಆಡುತ್ತಾರೆ ಅಂತ ಊಹಿಸಿದರೆ 25 ಜನ. ಎಂಟೆಂಟು ಜನರಂತೆ ಆಟದೊಳಗಿನ ಮೂರು ರೂಮು ತುಂಬುತ್ತವೆ, ಒಬ್ಬ ಹೊರಗೆ ಕಾಯುತ್ತಾನೆ. ನೀವು ನಾಲ್ಕು ಮೋಡ್ (ಆಡುವ ಬಗೆ), ಆಟಗಾರರನ್ನು ಬೇರೆ ಮಾಡುವ ಎರಡು ಪ್ರದೇಶ ಇಟ್ಟಿದ್ದರೆ ಆ 25 ಜನ ಎಂಟು ಕಡೆ ಹಂಚಿಹೋಗುತ್ತಾರೆ. ಒಂದು ರೂಮೂ ತುಂಬುವುದಿಲ್ಲ.

ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಖಾಲಿ ರೂಮಿನಲ್ಲಿ ಇಪ್ಪತ್ತು ನಿಮಿಷ ಕೂತವನು ‘ಒಳಗ ಯಾರೂ ಇಲ್ಲಲೇ’ ಅಂತ ರಿವ್ಯೂ ಬರೆದು, ದುಡ್ಡು ವಾಪಸ್ ತಗೊಂಡು ಹೋಗುತ್ತಾನೆ. ಅದನ್ನು ಓದಿದ ಹತ್ತು ಜನ ಕೊಳ್ಳುವುದೇ ಇಲ್ಲ. ಹಾಗಾಗಿ ಬಿಡುಗಡೆಯ ದಿನ ಒಂದೇ ಮೋಡ್ ಸಾಕು. ಖಾಲಿ ಜಾಗಕ್ಕೆ ಬಾಟ್, ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರನನ್ನು ಹಾಕಿ. ಬಾಟ್ ಅಂತ ಹೆಸರಿನ ಪಕ್ಕ ಬರೆದುಬಿಡಿ, ಮುಚ್ಚಿಟ್ಟರೆ ಎರಡನೇ ಆಟಕ್ಕೇ ಗೊತ್ತಾಗುತ್ತದೆ.

ಫ್ರೀ ಬಿಡಬೇಕಾ?

ಫ್ರೀ ಬಿಟ್ಟರೆ ಜನ ಬರುತ್ತಾರೆ, ನಿಜ. ಆದರೆ ಅವರಿಗೆ ಆಟದೊಳಗಿನ ಬಟ್ಟೆ, ಬಣ್ಣ, ಸೀಸನ್ ಪಾಸ್ (ಕೆಲವು ತಿಂಗಳ ಹೊಸ ಸಾಮಗ್ರಿಗೆ ಟಿಕೆಟ್) ಮಾರುತ್ತಾ ಪ್ರತಿ ತಿಂಗಳು ಹೊಸದೇನಾದರೂ ಕೊಡುತ್ತಲೇ ಇರಬೇಕು. ಮೂವರ ತಂಡಕ್ಕೆ ಅದು ದೊಡ್ಡ ಹೊರೆ. ಬೇಡ ಅನ್ನುವುದೇ ನನ್ನ ಸಲಹೆ.

ದುಡ್ಡಿಗೆ ಶುರುಮಾಡಿದ ಆಟವನ್ನು ಮುಂದೆ ಫ್ರೀ ಮಾಡುವುದು ಸುಲಭ. ರಾಕೆಟ್ ಲೀಗ್ 2020ರಲ್ಲಿ ಹಾಗೆ ಮಾಡಿತು. ಪಬ್‌ಜಿಯ ಕಂಪ್ಯೂಟರ್ ಆವೃತ್ತಿಯೂ ಫಾಲ್ ಗೈಸ್ ಕೂಡ 2022ರಲ್ಲಿ ಅದೇ ದಾರಿ ಹಿಡಿದವು. ಫ್ರೀ ಕೊಟ್ಟದ್ದಕ್ಕೆ ಆಮೇಲೆ ಬೆಲೆ ಹಾಕಿದರೆ ಬೈಗುಳ ಗ್ಯಾರಂಟಿ.

ನಡುವಿನ ದಾರಿಯೂ ಇದೆ. 2021ರ ಇಟ್ ಟೇಕ್ಸ್ ಟೂ ಆಟದಲ್ಲಿ ಒಬ್ಬರು ಕೊಂಡರೆ ಸಾಕು, ಜೊತೆಗಾರ ಫ್ರೆಂಡ್ಸ್ ಪಾಸ್‌ನಲ್ಲಿ ಬಿಟ್ಟಿ ಆಡಬಹುದು. ನಿಮ್ಮ ಲಗೋರಿಯಲ್ಲೂ ಕೊಂಡವನ ರೂಮಿಗೆ ಗೆಳೆಯರು ಬಿಟ್ಟಿ ಸ್ಯಾಂಪಲ್ ಆದ ಡೆಮೊದಿಂದಲೇ ಸೇರುವಂತೆ ಮಾಡಿ. ಹಾಸ್ಟೆಲ್ ಹುಡುಗರಲ್ಲಿ ಕೊಳ್ಳುವವನು ಒಬ್ಬನೇ ಇರುತ್ತಾನೆ, ಆಡುವವರು ಮಾತ್ರ ಇಡೀ ಫ್ಲೋರ್, ಅಲ್ವಾ?

ಕೈಗೆ ಬರುವುದೆಷ್ಟು?

ಭಾರತದಲ್ಲಿ 299 ರೂಪಾಯಿ ಇಟ್ಟಿರಿ ಅನ್ನಿ. ಸ್ಟೀಮ್‌ನ ಭಾರತದ ಬೆಲೆಯೊಳಗೇ ಶೇ 18 ಜಿಎಸ್‌ಟಿ ಇರುತ್ತದೆ. ಅದನ್ನು ತೆಗೆದರೆ ಸುಮಾರು 253. ಅದರಲ್ಲಿ ಸ್ಟೀಮ್‌ನ ಪಾಲು ಶೇ 30. ಉಳಿಯುವುದು 177ರ ಹತ್ತಿರ. ಬಿಡುಗಡೆಗೆ ಶೇ 20 ರಿಯಾಯಿತಿ ಕೊಟ್ಟರೆ ಅದು 142ಕ್ಕೆ ಇಳಿಯುತ್ತದೆ. ಹಣ ವಾಪಸ್ ಪಡೆದವರು, ಬ್ಯಾಂಕ್ ಶುಲ್ಕ, ಆದಾಯ ತೆರಿಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಈಗ 99ರ ಗೆಳೆಯನಿಗೆ ಇದೇ ಲೆಕ್ಕ ಮಾಡಿ ತೋರಿಸಿ: 58 ರೂಪಾಯಿ ಚಿಲ್ಲರೆ.

ಬಹಳ ಕಡಿಮೆ ಇಟ್ಟರೆ ಇನ್ನೊಂದು ತೊಂದರೆ. ಮುಂದೆ ರಿಯಾಯಿತಿ ಕೊಡಲು ಜಾಗವೇ ಉಳಿಯುವುದಿಲ್ಲ. ನನ್ನ ಕೇಳಿದರೆ ಇಂಥ ಆಟಕ್ಕೆ ಇಲ್ಲಿ 249ರಿಂದ 349, ಅಮೆರಿಕದಲ್ಲಿ ಐದರಿಂದ ಹತ್ತು ಡಾಲರ್ ಸರಿ. ಅಮಂಗ್ ಅಸ್ ಅನ್ನುವ ಆನ್‌ಲೈನ್ ಆಟ ಕಂಪ್ಯೂಟರ್‌ನಲ್ಲಿ ಐದು ಡಾಲರ್, ಮೊಬೈಲ್‌ನಲ್ಲಿ ಜಾಹೀರಾತಿನ ಜೊತೆ ಫ್ರೀ. ಡಾಲರ್ ಬೆಲೆಯನ್ನು ಹಾಗೇ ರೂಪಾಯಿಗೆ ಗುಣಿಸಿ ಇಡಬೇಡಿ, ನಮ್ಮ ಕಡೆಯ ಹುಡುಗರು ಕೊಳ್ಳುವುದಿಲ್ಲ.

ಖರ್ಚು ಮತ್ತು ಕಾಗದಪತ್ರ

ಒಂದು ಆಟಕ್ಕೆ ಸ್ಟೀಮ್‌ಗೆ 100 ಡಾಲರ್ ಕಟ್ಟಬೇಕು. ಆಟ 1,000 ಡಾಲರ್ ದುಡಿದ ಮೇಲೆ ಅದು ವಾಪಸ್ ಬರುತ್ತದೆ. ಸ್ಟೀಮ್‌ನ ತೆರಿಗೆ ಫಾರ್ಮ್ ತುಂಬುವಾಗ ಪ್ಯಾನ್ ನಂಬರ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ ಕಡಿಮೆ ದರ ಸಿಗದೆ, ಅಲ್ಲಿನ ಮಾರಾಟದ ಹಣದಲ್ಲಿ ಜಾಸ್ತಿ ತೆರಿಗೆ ಹಿಡಿಯುತ್ತಾರೆ. ದಾಲ್ ಮಿಲ್ ಲೆಕ್ಕದಲ್ಲೇ ಪಳಗಿದ ನಿಮ್ಮ ಸಿಎಗೆ ಇದು ಹೊಸದಾಗಿ ಕಾಣಬಹುದು, ಕೂತು ವಿವರಿಸಿ.

ಐವತ್ತು ರೂಪಾಯಿ ಎಂಟ್ರಿ ಇಟ್ಟು ಗೆದ್ದವನಿಗೆ ದುಡ್ಡು ಕೊಡೋಣ ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದೆ.

ಬಿಡುಗಡೆಗೆ ಮುಂಚಿನ ತಿಂಗಳುಗಳು

ಆಟದ ಪುಟ ಕನಿಷ್ಠ ಎರಡು ವಾರ ಮುಂಚೆ ಸ್ಟೀಮ್‌ನಲ್ಲಿ ಕಾಣಬೇಕು ಅನ್ನುವುದು ನಿಯಮ. ನೀವು ಆರು ತಿಂಗಳ ಮುಂಚೆಯೇ ಹಾಕಿ. ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಬೇಕು ಅನ್ನುವ ಆಟಗಳ ಪಟ್ಟಿ) ಸೇರಿಸಿಕೊಂಡವರಿಗೆಲ್ಲ ಬಿಡುಗಡೆಯ ದಿನ ಸ್ಟೀಮ್‌ನಿಂದಲೇ ಇಮೇಲ್ ಹೋಗುತ್ತದೆ. ಬಿಟ್ಟಿ ಪ್ರಚಾರ.

ಡೆಮೊ ತೋರಿಸಲು ವರ್ಷಕ್ಕೆ ಮೂರು ಬಾರಿ ಸ್ಟೀಮ್‌ನಲ್ಲಿ ನೆಕ್ಸ್ಟ್ ಫೆಸ್ಟ್ ಅನ್ನುವ ಆನ್‌ಲೈನ್ ಮೇಳ ನಡೆಯುತ್ತದೆ. ಒಂದು ಆಟಕ್ಕೆ ಅವಕಾಶ ಒಂದೇ ಸಲ. ಅರೆಬೆಂದ ಆಟ ತಗೊಂಡು ಹೋಗಬೇಡಿ, ಬಿಡುಗಡೆಗೆ ಹತ್ತಿರದ ಫೆಸ್ಟ್ ಹಿಡಿಯಿರಿ. ಅದಕ್ಕೂ ಮೊದಲು ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಕಲಬುರಗಿಯಲ್ಲಿ, ಬೀದರ್‌ನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಒಂದು ಭಾನುವಾರ ನಲವತ್ತು ಹುಡುಗರನ್ನು ಕೂರಿಸಿ, ಒಂದೇ ಹೊತ್ತಿಗೆ ಲಾಗಿನ್ ಮಾಡಿಸಿ. ಸರ್ವರ್ ಎಲ್ಲಿ ಕುಸಿಯುತ್ತದೆ ಅಂತ ಅವತ್ತೇ ಗೊತ್ತಾಗಲಿ.

ಸರ್ವರ್ ಬಾಡಿಗೆಗೆ ಬೇಕಿದ್ದರೆ ಅಮೆಜಾನ್‌ನ ಡೇಟಾ ಸೆಂಟರ್‌ಗಳು ಮುಂಬೈನಲ್ಲೂ ಹೈದರಾಬಾದ್‌ನಲ್ಲೂ ಇವೆ. ಹೈದರಾಬಾದ್ ನಮಗೆ ಪಕ್ಕದಲ್ಲೇ, ಪಿಂಗ್ (ಸಂಕೇತ ಸರ್ವರ್ ಮುಟ್ಟಿ ವಾಪಸ್ ಬರುವ ಹೊತ್ತು) ಚೆನ್ನಾಗಿರುತ್ತದೆ. ಎಂಟು ಜನರ ಆಟಕ್ಕೆ ಆಟಗಾರರಲ್ಲಿ ಒಬ್ಬನ ಕಂಪ್ಯೂಟರನ್ನೇ ಹೋಸ್ಟ್ (ಸರ್ವರ್ ಕೆಲಸದ್ದು) ಮಾಡಿ, ಸ್ಟೀಮ್‌ನ ಲಾಬಿ (ಆಟಗಾರರು ಸೇರುವ ಜಾಗ) ಮತ್ತು ರಿಲೇ (ಅವರ ನಡುವೆ ಡೇಟಾ ಸಾಗಿಸುವ ಸೇವೆ) ಬಳಸಿದರೆ ಬಾಡಿಗೆಯೇ ಇಲ್ಲ.

ದಿನ, ಗಂಟೆ

ಸ್ಟೀಮ್‌ನ ಜೂನ್ ಕೊನೆಯ ಬೇಸಿಗೆ ಸೇಲ್, ಡಿಸೆಂಬರ್ ಸೇಲ್ ಹತ್ತಿರ ಬೇಡ. ಐಪಿಎಲ್ ಫೈನಲ್, ಸೆಮಿಸ್ಟರ್ ಪರೀಕ್ಷೆಯ ದಿನಗಳೂ ಬೇಡ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತಕ್ಕೆ ಬಿಡುವುದು ಹಲವರ ರೂಢಿ. ನಮಗೆ ಆಗ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಸಣ್ಣ ಆಟಕ್ಕೆ ಇದು ತಡವಾಯಿತು. ಇಲ್ಲಿನ ಸಂಜೆ ಏಳಕ್ಕೆ ಬಿಟ್ಟರೆ ನಮ್ಮವರೂ ಸಿಗುತ್ತಾರೆ, ಯುರೋಪಿನವರು ಸ್ವಲ್ಪ ಹೊತ್ತಿಗೆ ಬಂದು ಸೇರುತ್ತಾರೆ.

ತೇರಿನ ದಿನ ಶರಣಬಸವೇಶ್ವರ ಗುಡಿ ಮುಂದೆ ಇರುವ ಜನ ಮರುವಾರ ಇರುವುದಿಲ್ಲ. ಆಟವೂ ಹಾಗೇ. ಯೂಟ್ಯೂಬ್‌ನವರಿಗೆ, ಗೆಳೆಯರಿಗೆ, ಟೆಸ್ಟ್ ಮಾಡಿದ ಹುಡುಗರಿಗೆ ಎಲ್ಲರಿಗೂ ಒಂದೇ ಗಂಟೆ ಹೇಳಿ. ಮನೆಯಲ್ಲಿ ಯುಪಿಎಸ್ ಚಾರ್ಜ್ ಇರಲಿ, ಇನ್ನೊಂದು ಕಂಪನಿಯ ಸಿಮ್‌ನಿಂದ ಹಾಟ್‌ಸ್ಪಾಟ್ ಸಿದ್ಧ ಇರಲಿ. ಸರ್ವರ್ ಹೈದರಾಬಾದ್‌ನಲ್ಲಿದ್ದರೂ ಸರಿಮಾಡುವ ಲ್ಯಾಪ್‌ಟಾಪ್ ನಿಮ್ಮ ಕೈಯಲ್ಲೇ ಇರುತ್ತದಲ್ಲ.

ಮೊದಲ ವಾರದ ಆಮೇಲೆ

ಬಿಡುಗಡೆ ರಿಯಾಯಿತಿ ಶೇ 10–15 ಸಾಕು. ಅದು ಮುಗಿದ ಮೇಲೆ 30 ದಿನ ಮತ್ತೆ ರಿಯಾಯಿತಿ ಕೊಡಲು ಸ್ಟೀಮ್ ಬಿಡುವುದಿಲ್ಲ. ಆ ತಿಂಗಳಲ್ಲಿ ಜನ ಕರಗುವುದು ಖಂಡಿತ, ಗಾಬರಿ ಬೇಡ. ‘ಪ್ರತಿ ಶನಿವಾರ ರಾತ್ರಿ ಒಂಬತ್ತಕ್ಕೆ ಲಗೋರಿ’ ಅಂತ ಸಮಯ ಗೊತ್ತುಮಾಡಿ, ನೀವೂ ಆಡಲು ಕೂತುಕೊಳ್ಳಿ. 2018ರಲ್ಲಿ ಬಂದ ಅಮಂಗ್ ಅಸ್‌ಗೆ ಜನ ಮುಗಿಬಿದ್ದದ್ದು 2020ರಲ್ಲಿ. ಅಷ್ಟು ಕಾಯುವ ಲೆಕ್ಕ ಹಾಕಿ ಕೆಲಸ ಬಿಡಬೇಡಿ. ಎರಡನೇ ಮೋಡ್ ಮುಗಿದಾಗ ಮುಂದಿನ ರಿಯಾಯಿತಿ ಇಡಿ. ಶೇ 20 ಅಥವಾ ಜಾಸ್ತಿ ಇದ್ದರೆ ವಿಶ್‌ಲಿಸ್ಟ್‌ನವರಿಗೆ ಮತ್ತೆ ಇಮೇಲ್ ಹೋಗುತ್ತದೆ.