ದೂರದ ಓಟಕ್ಕೆ ಕರುಳನ್ನು ಹದ ಮಾಡಿಕೊಳ್ಳುವುದು ಹೇಗೆ?

ಮ್ಯಾರಥಾನ್‌ಗೆ ತಯಾರಾಗುವವರು ಶೂ, ವಾಚು, ವೇಗ ಎಲ್ಲದರ ಲೆಕ್ಕ ಇಡುತ್ತಾರೆ. ಕರುಳು ನೆನಪಾಗುವುದು ಮಾತ್ರ ಅರ್ಧ ದಾರಿಯಲ್ಲಿ ಹೊಟ್ಟೆ ಹಿಂಡಿದಾಗ, ಆಗ ಶೌಚಾಲಯ ಹುಡುಕುವುದು ಬಿಟ್ಟು ಬೇರೆ ದಾರಿ ಇರಲ್ಲ.

ಮೊದಲು ಓಟ ತಪ್ಪಿಸಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ವ್ಯಾಯಾಮದ ಅಭ್ಯಾಸವೇ ಇಲ್ಲದವರಿಗೆ ವಾರಕ್ಕೆ 3 ದಿನದಂತೆ 6 ವಾರ ಕಸರತ್ತು ಮಾಡಿಸಿದರು. ಊಟ ಬದಲಿಸಲಿಲ್ಲ, ಆದರೂ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾ ಜಾಸ್ತಿಯಾದವು, ಅದೂ ತೆಳ್ಳಗಿದ್ದವರಲ್ಲಿ ಹೆಚ್ಚು. ದೊಡ್ಡ ಕರುಳಿನ ಒಳಪದರಕ್ಕೆ ಈ ಬ್ಯುಟಿರೇಟೇ ಮುಖ್ಯ ಆಹಾರ. ಮತ್ತೆ 6 ವಾರ ಸುಮ್ನೆ ಕೂತರು, ಬಂದದ್ದು ಬಹುಪಾಲು ಹೋಯಿತು.

2019ರಲ್ಲಿ ಬಾಸ್ಟನ್ ಮ್ಯಾರಥಾನ್ ಓಟಗಾರರಲ್ಲಿ ವೆಯ್ಲೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಓಟದ ನಂತರ ಹೆಚ್ಚಿದ್ದು ಸುದ್ದಿಯಾಯಿತು. ಅದು ಓಡುವಾಗ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್ ತಿಂದು ಪ್ರೊಪಿಯೊನೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತದೆ. ಇಲಿಗಳಿಗೆ ಕೊಟ್ಟಾಗ ಶೇ. 13ರಷ್ಟು ಹೆಚ್ಚು ಹೊತ್ತು ಓಡಿದವು. ಓಡಿದ್ದು ಇಲಿಗಳು, ನಾವಲ್ಲ ಅಲ್ವಾ? ಹಾಗಾಗಿ ಬ್ಯಾಕ್ಟೀರಿಯಾ ಮಾತ್ರೆಗಳ ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ.

ಆ ದುಡ್ಡಿಗೆ ಕಾಳು, ಓಟ್ಸ್, ಸೊಪ್ಪು, ಈರುಳ್ಳಿ, ಮೊಸರು ತನ್ನಿ. ಓಟಗಾರರು ದಾರಿಯಲ್ಲಿ ಶಕ್ತಿಗಾಗಿ ತಿನ್ನುವ ಜೆಲ್‌ನ ಸಕ್ಕರೆ ಹೆಚ್ಚಾಗಿ ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಬಿಡುತ್ತದೆ, ಕೆಳಗಿರುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ನಾರು ಅದರಲ್ಲಿ ಇಲ್ಲ. ನಾರನ್ನು ಎರಡು ಮೂರು ವಾರದಲ್ಲಿ ನಿಧಾನಕ್ಕೆ ಏರಿಸಿ, ಒಮ್ಮೆಗೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ.

ಸ್ಪರ್ಧೆ ಹತ್ತಿರ ಬಂದಾಗ ಇದೇ ನಾರು ತೊಂದರೆ ಕೊಡುತ್ತದೆ! ಜೋರಾಗಿ ಓಡುವಾಗ ರಕ್ತ ಕಾಲು ಮತ್ತು ಚರ್ಮದ ಕಡೆ ಹರಿಯುತ್ತದೆ, ಕರುಳಿಗೆ ಸಿಗುವುದು ಕಡಿಮೆ. ಆ ಹೊತ್ತಿನಲ್ಲಿ ಒಳಗೆ ನಾರು ತುಂಬಿದ್ದರೆ ಗ್ಯಾಸು, ನೋವು, ಅವಸರ. ಕೊನೆಯ ಎರಡು ದಿನ ಕಾಳು, ಹಸಿ ತರಕಾರಿ ಬಿಟ್ಟು ಬಿಳಿ ಅನ್ನ, ಆಲೂಗಡ್ಡೆ ಸಾಕು. ಓಟಕ್ಕೆ ಮುಂಚೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಬೇಡ, ಕರುಳಿನ ಗೋಡೆಗೆ ಇನ್ನಷ್ಟು ಪೆಟ್ಟು ಬೀಳುತ್ತದೆ.

ಇನ್ನು ಓಡುತ್ತಾ ತಿನ್ನುವುದು. ಇದಕ್ಕೂ ಅಭ್ಯಾಸ ಬೇಕು. ಸ್ಪರ್ಧೆಗೆ ಆರೆಂಟು ವಾರ ಇರುವಾಗಲೇ ವಾರದ ಉದ್ದ ಓಟದಲ್ಲಿ ಗಂಟೆಗೆ 30 ಗ್ರಾಂ ಕಾರ್ಬೋಹೈಡ್ರೇಟ್‌ನಿಂದ, ಅಂದರೆ ಸುಮಾರು ಒಂದು ದೊಡ್ಡ ಬಾಳೆಹಣ್ಣಿನಷ್ಟರಿಂದ, ಶುರು ಮಾಡಿ. ಒಮ್ಮೆಗೇ ನುಂಗದೆ 20 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಒಗ್ಗಿದ ಮೇಲೆ 60ಕ್ಕೆ ಹೋಗಿ. ಅದನ್ನೂ ದಾಟಬೇಕಿದ್ದರೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ ಇರುವುದನ್ನೇ ಆರಿಸಿ, ಎರಡೂ ಬೇರೆ ಬೇರೆ ದಾರಿಯಿಂದ ಒಳಗೆ ಹೋಗುತ್ತವೆ. ಸ್ಪರ್ಧೆಯ ದಿನವೂ ಅದೇ ಜೆಲ್, ಅದೇ ಪ್ರಮಾಣ. ಮುಗಿದ ಮಾರನೇ ದಿನದಿಂದ ಕಾಳು, ಸೊಪ್ಪನ್ನು ಸ್ವಲ್ಪ ಸ್ವಲ್ಪವಾಗಿ ತಟ್ಟೆಗೆ ವಾಪಸ್ ತನ್ನಿ.